ಗುರುತಿಸಿದವರು

"ಇನ್ನೂ ಬಿಗಿಯಾಗಿ ಕಟ್ಟಕ್ಕ. ಬಾಯಿ ಬಿಟ್ರೆ ಚಟ್ಟದ ಮೇಲಿಂದಾನೂ ಹಂದಿ ಅಂದಾನು!" ಎಂದ ಪಕ್ಕದ ಮನೆಯ ಕರಿಬಸಪ್ಪ.

ನರಸಮ್ಮ ಗಂಡನ ದವಡೆಯ ಕೆಳಗಿಂದ ಬಟ್ಟೆ ಸುತ್ತಿ ನೆತ್ತಿಯ ಮೇಲೆ ಗಂಟು ಹಾಕುತ್ತಿದ್ದಳು. ಕಾಮಾಕ್ಷಿಪಾಳ್ಯದ ಆ ವಠಾರದಲ್ಲಿ ಕೂತವರೆಲ್ಲ ನಕ್ಕರು. ಸಾವಿನ ಮನೆಯಲ್ಲಿ ನಗಬಾರದೆಂಬುದು ಹಂದಿ ಹನುಮಯ್ಯನಿಗೆ ಲಾಗೂ ಆಗುತ್ತಿರಲಿಲ್ಲ. ಬದುಕಿದ್ದಾಗಿಲ್ಲದ ಮರ್ಯಾದೆ ಸತ್ತಮೇಲೆ ಎಲ್ಲಿಂದ ಬರಬೇಕು?

"ಕಾಲೇಜಿನ ಗೋಪೀನಾಥ ಮೇಷ್ಟ್ರು ಬರೋವರೆಗೂ ಎತ್ತಬೇಡಿ," ಎಂದಳು ನರಸಮ್ಮ. ಇವರೆಲ್ಲರ ಎದುರು ಅವರ ಬಾಯಿಂದ ಅವಳಿಗೆ ಒಂದೇ ಮಾತು ಬೇಕಿತ್ತು: ಹನುಮಯ್ಯ ಹೇಳಿದ್ದು ಸರಿ.

*

ಸಾವಿರದೊಂಬೈನೂರ ಐವತ್ಮೂರರಲ್ಲಿ ಕಾಲೇಜಿಗೆ ಉತ್ತರದ ಗುಡ್ಡಗಳಿಂದ ಕಲ್ಲಾದ ದವಡೆಯ ತುಂಡೊಂದು ಬಂದಿತ್ತು. ಅದರಲ್ಲಿ ಉಳಿದಿದ್ದುದು ಸವೆದ ಹಲ್ಲು ಎರಡೇ. ಮನುಷ್ಯನ ಪೂರ್ವಜ ವಾನರನದೆಂದು ಮೇಷ್ಟ್ರು ಸಭೆ ಕರೆದು ಸಾರಿದರು. ತಟ್ಟೆಯಲ್ಲಿ ಅದನ್ನು ಹೊತ್ತು ನಿಂತಿದ್ದ ಅಟೆಂಡರ್ ಹನುಮಯ್ಯ ಸುಮ್ಮನಿರಬೇಕೋ ಬೇಡವೋ?

"ಸಾರ್, ಇದು ಹಂದೀದು. ಕೆಂಗೇರಿ ಹೊಲದಲ್ಲಿ ನಮ್ಮಪ್ಪ ಕಾಡುಹಂದಿ ಹೊಡೀತಿದ್ರು, ತಲೆ ಬೇಯ್ಸೋ ಕೆಲ್ಸ ನಂದು. ಮುದಿ ಹಂದಿ ಹಲ್ಲು ಸವೆದ್ರೆ ಹಿಂಗೇ, ಮನುಷ್ಯರ ಹಲ್ಲಿನ ಥರ ಕಾಣುತ್ತೆ."

"ನೀನು ತಿಂದಿದ್ದನ್ನೆಲ್ಲ ಇಲ್ಲಿ ಹುಡುಕಬೇಡಯ್ಯ," ಎಂದರು ಮೇಷ್ಟ್ರು. ಸಭೆ ಗೊಳ್ಳೆಂದಿತು.

ಹಂದಿ ಎಂಬ ಹೆಸರು ಅಂದೇ ಅಂಟಿತು. ಕಾಲೇಜಿಂದ ಬೀದಿಗೆ, ಬೀದಿಯಿಂದ ವಠಾರಕ್ಕೆ ಬಂತು. ಹನುಮಯ್ಯ ಮಾತಾಡುವುದನ್ನೇ ಕಡಿಮೆ ಮಾಡಿದ. ಮರುವರ್ಷ ಕಲ್ಕತ್ತೆಯ ಪಂಡಿತರು ಹಂದಿಯದೇ ಎಂದು ಬರೆದು ಕಳಿಸಿದಾಗ, ದವಡೆ ಇಟ್ಟಿದ್ದ ಪೆಟ್ಟಿಗೆಯ ಹಳೇ ಚೀಟಿ ಕಿತ್ತು ಹೊಸದು ಅಂಟಿಸಿದವನೂ ಅವನೇ. ಮೇಷ್ಟ್ರು ಈ ಸಲ ಸಭೆ ಕರೆಯಲಿಲ್ಲ. ಹಳೇ ಚೀಟಿಯನ್ನು ಅವನು ಮನೆಗೆ ತಂದು ಹೆಂಡತಿಯ ಕೈಗೆ ಕೊಟ್ಟ.

*

ಮೇಷ್ಟ್ರು ಜಟಕಾದಿಂದಿಳಿದು ಬಂದರು. ಹೆಣದ ಬಾಯಿಗೆ ಅಕ್ಕಿ ಹಾಕಲು ಹಿಡಿ ತುಂಬಿಕೊಂಡರು.

"ಸ್ವಾಮಿ, ಆ ದವಡೆ ಯಾವ ಪ್ರಾಣೀದು? ಇವರಿಗೆಲ್ಲ ಹೇಳಿ," ಎಂದಳು ನರಸಮ್ಮ.

"ಹಂದೀದಮ್ಮ. ನಾನೇ ಕಂಡುಹಿಡಿದಿದ್ದು. ಪಾಪ, ಇವನೂ ಏನೋ ಬಾಯಿಗೆ ಬಂದದ್ದು ಅಂದಿದ್ದ. ಕುರುಡ ಎಸೆದ ಕಲ್ಲು ಮಾವಿನಕಾಯಿಗೆ ಬಿದ್ದ ಹಾಗೆ."

ಮತ್ತೆ ನಗು ಎದ್ದಿತು. ನರಸಮ್ಮ ಅಳಲಿಲ್ಲ. ಬಗ್ಗಿ ಗಂಡನ ನೆತ್ತಿಯ ಗಂಟು ಬಿಚ್ಚಿದಳು. ದವಡೆ ಕೆಳಗೆ ಜಾರಿ ಬಾಯಿ ತೆರೆದುಕೊಂಡಿತು. ಸೆರಗಿನ ತುದಿಯಿಂದ ಮಡಿಸಿದ ಆ ಹಳೇ ಚೀಟಿ ತೆಗೆದು, ಬಿಡಿಸಿ, ಆ ಸವೆದ ಹಲ್ಲುಗಳ ನಡುವೆ ಸಿಕ್ಕಿಸಿದಳು.

ಕರಿಬಸಪ್ಪ ಬಗ್ಗಿ, ಅಕ್ಷರ ಕೂಡಿಸಿ ಗಟ್ಟಿಯಾಗಿ ಓದಿದ: "ವಾ...ನ...ರ. ಗುರುತಿಸಿದವರು, ಗೋಪೀನಾಥ."

ಮೇಷ್ಟ್ರ ಹಿಡಿಯ ಅಕ್ಕಿ ಹಿಡಿಯಲ್ಲೇ ಇತ್ತು.