ಬಣವಿಯ ಹಿಂದೆ ಡಾಕ್ಟರು

ಎಲ್ಲಿಂದ ಶುರು ಮಾಡಲಿ? ಒಡೆದ ಔಷಧಿ ಬಾಟಲಿಗಳಿಂದ ಶುರು ಮಾಡಿದರೆ ಭಾರೀ ಹೊಡೆದಾಟದ ಕಥೆ ಎಂದು ನೀವು ತೋಳೇರಿಸಿ ಕೂರುತ್ತೀರಿ. ಡಾಕ್ಟರ ಮುರಿದ ಹಲ್ಲಿನಿಂದ ಶುರು ಮಾಡಿದರೆ ಅವರಿಗೆ ಸಿಟ್ಟು ಬರುತ್ತದೆ. ತಾಜಬೀಯಿಂದಲೇ ಶುರು ಮಾಡುತ್ತೇನೆ. ಸಿಟ್ಟು ಅವಳಿಗೂ ಬರುತ್ತದೆ, ಆದರೆ ಬೇಗ ಇಳಿಯುತ್ತದೆ.

೧

ಯಲಬುರ್ಗಾ, ೧೯೪೩, ಜೋಳದ ಸುಗ್ಗಿ. ಡಾಕ್ಟರ್ ದೇವೇಂದ್ರಪ್ಪನವರ ದವಾಖಾನೆಯಲ್ಲಿ ತಾಜಬೀ ನರ್ಸು. (ಹೈದರಾಬಾದಿನಲ್ಲಿ ಕಲಿತವಳು ಎಂದು ಬರೆದಿದ್ದೆ. "ಸುಳ್ಳ ಯಾಕ ಬರೀತೀರಿ? ಡಾಕ್ಟರ ಕೈ ನೋಡಿ ನೋಡಿ ಕಲ್ತೀನಿ" ಅಂದಳು. ಹೊಡೆದುಹಾಕಿದೆ.)

ಹೋದ ತಿಂಗಳು ಅಮರಪ್ಪ ಎಂಬ ರೈತ, ಜ್ವರ ನೆತ್ತಿಗೇರಿದ ಅಣ್ಣನನ್ನು ಹೊತ್ತು ತಂದ. ಡಾಕ್ಟರು ಇಂಜೆಕ್ಷನ್ ಕೊಟ್ಟರು. ಅಣ್ಣ ತೀರಿಕೊಂಡ. ಸೂಜಿಯೇ ಕೊಂದಿತೆಂದು ಅಮರಪ್ಪ ಬಡಿಗೆ ಬೀಸಿದ. ಬಾಟಲಿಗಳು ಹೋದವು, ಡಾಕ್ಟರ ಮುಂದಿನ ಹಲ್ಲೊಂದು ಹೋಯಿತು.

"ಬೀಗಾ ಜಡದು ಹೊಕ್ಕೀನಿ ತಾಜಬೀ. ಜೀವಾ ಇದ್ರ ಎಲ್ಯಾರ ಬದುಕೇನು."

"ಎಂಟ ದಿನಾ ತಡೀರಿ ಸಾಹೇಬ್ರ. ಬಂದೋಬಸ್ತ ಮಾಡ್ತೀನಿ. ನೀವ ಹೋದ್ರ ಈ ಮಂದಿ ಯಾರ ಹಂತ್ಯಾಕ ಹೋಗಬೇಕು?"

೨

ಬಂದೋಬಸ್ತು ಹೀಗಿತ್ತು. ಕತ್ತರಿ, ಚಾಕು ಟ್ರಂಕಿಗೆ ಹೋದವು. ಮೂಲೆಯಲ್ಲಿ ಸಿಕ್ಕಿಬಿದ್ದಿದ್ದ ಡಾಕ್ಟರ ಕುರ್ಚಿ ಹಿತ್ತಿಲ ಬಾಗಿಲ ಪಕ್ಕಕ್ಕೆ ಬಂತು. "ದಕ್ಷಿಣಕ್ಕ ಮುಖಾ ಮಾಡಿ ಕುಂದರಬೇಕೇನ?" ಎಂದು ಡಾಕ್ಟರು ತಕರಾರು ತೆಗೆದರು. "ಇನ್ನಾ ಮೂವತ್ತೊಂದ ಹಲ್ಲ ಅದಾವಲ್ರಿ, ಮೊದಲ ಅವನ್ನ ಉಳಿಸ್ಕೊಳ್ರಿ" ಅಂದಳು. ಹೊರಗೆ ಕೂಗಾಟ ಕೇಳಿದ ಕೂಡಲೇ ಡಾಕ್ಟರು ಹಿತ್ತಿಲಿಂದ ಹಾರಿ, ಪಕ್ಕದ ಮನೆ ಪಾರ್ವತೆಮ್ಮನ ಮೇವಿನ ಬಣವಿ ಹಿಂದೆ ಅಡಗಬೇಕು. ಎರಡು ಸಲ ರಿಹರ್ಸಲ್ಲೂ ಆಯಿತು. ಎರಡನೇ ಸಲ ಡಾಕ್ಟರು ಬಹಳ ಚುರುಕಾಗಿ ಓಡಿದರು.

ಉಳಿದದ್ದು ಬಡಿಗೆ. ಹೊಲಮನೆಯ ಗಂಡಸಿಗೆ ಬಡಿಗೆ ಹೊರಗಿಟ್ಟು ಬಾ ಎನ್ನುವುದೂ ತಲೆಯ ರುಮಾಲು ತೆಗೆ ಎನ್ನುವುದೂ ಒಂದೇ. ಅದಕ್ಕೆ ತಾಜಬೀ ಬಾಗಿಲಲ್ಲಿ ಒಂದು ಕೊಡ ನೀರು, ಒಂದು ಚರಿಗೆ ಇಟ್ಟಳು. ಬಂದವರ ಕಾಲಿಗೆ ನೀರು ಕೊಡುವುದು ಈ ಸೀಮೆಯ ರೀತಿ, ಬೇಡವೆಂದವರನ್ನು ಯಾರೂ ಕಂಡಿಲ್ಲ. ಚರಿಗೆ ಹಿಡಿದು ಕಾಲು ತಿಕ್ಕಲು ಎರಡೂ ಕೈ ಬೇಕು. ಬಡಿಗೆ ತಾನಾಗಿ ಗೋಡೆಗೆ ಒರಗುತ್ತದೆ.

೩

ಇಲ್ಲಿ ನನ್ನ ಮೊದಲ ಡ್ರಾಫ್ಟ್ ಇತ್ತು. ಅಮರಪ್ಪ ಮತ್ತೆ ಬಡಿಗೆ ಹಿಡಿದು ಅಬ್ಬರಿಸುತ್ತ ಬರುತ್ತಾನೆ. ಚರಿಗೆ ಕಾಣುತ್ತಾನೆ, ಕಾಲು ತೊಳೆಯುತ್ತಾನೆ, ಸಿಟ್ಟೂ ತೊಳೆದುಹೋಗುತ್ತದೆ. ಬರೆದು ನಾನೇ ಕಣ್ಣೊರೆಸಿಕೊಂಡೆ.

ಹರಿದು ಹಾಕಿದೆ. ಏಕೆಂದರೆ ಏಳನೇ ದಿನ ಮಧ್ಯಾಹ್ನ ಅಮರಪ್ಪ ಅಬ್ಬರಿಸುತ್ತ ಬಂದದ್ದೇನೋ ಹೌದು. ಆದರೆ ಅವನ ತೋಳಲ್ಲಿ ಹೆಂಡತಿ ಪಂಪಾವತಿ ಇದ್ದಳು, ಜೋಳ ಕೊಯ್ಯುವಾಗ ಕುಡುಗೋಲು ಮುಂಗೈ ಸೀಳಿತ್ತು. ಚರಿಗೆ ಅವನ ಕಾಲಿಗೆ ಸಿಕ್ಕು ಬೀದಿಗೆ ಉರುಳಿತು. ಬಡಿಗೆಯೇ ಇರಲಿಲ್ಲ. ಡಾಕ್ಟರು ಮಾತ್ರ ರಿಹರ್ಸಲ್ ಪ್ರಕಾರ ಹಿತ್ತಿಲಿಂದ ಮಾಯವಾಗಿದ್ದರು.

ಹೊಡೆಯಲು ಬರುವವರ ಕೂಗಿಗೆ ತಾಜಬೀ ಎಲ್ಲ ತಯಾರಿ ಮಾಡಿದ್ದಳು, ಉಳಿಸಿ ಎಂದು ಬರುವವರ ಕೂಗನ್ನು ಮರೆತಿದ್ದಳು. ಎರಡೂ ದೂರದಿಂದ ಒಂದೇ ಥರ ಕೇಳುತ್ತವೆ. ಅವಳು ಎರಡೂ ಕೈಯಿಂದ ಗಾಯ ಒತ್ತಿ ಹಿಡಿದಳು. ಒತ್ತುವುದು ಬರುತ್ತದೆ, ಒಳಗಿನ ನರ ಹಿಡಿದು ಹೊಲಿಯುವುದು ಡಾಕ್ಟರಿಗೇ ಬರುತ್ತದೆ. ಕೈ ಬಿಟ್ಟರೆ ಪಂಪಾವತಿ ಉಳಿಯುವುದಿಲ್ಲ. ಕಳಿಸಲು ಇದ್ದವನು ಒಬ್ಬನೇ. (ಬರೆಯುವವನು ಲೆಕ್ಕಕ್ಕಿಲ್ಲ.)

"ಅಮರಪ್ಪಾ, ಡಾಕ್ಟರು ಪಾರ್ವತೆಮ್ಮನ ಬಣವಿ ಹಿಂದ ಅದಾರ. ಕರಕೊಂಡ ಬಾ."

"ನಾ ಕರದ್ರ ಬರ್ತಾರೇನಕ್ಕಾ? ಹಲ್ಲ ಮುರದಾವ ನಾನ ಅಲ್ಲೇನು?"

"ಬರೂ ಹಂಗ ಕರಿ. ಹೋಗು!"

೪

ಕ್ಲೈಮ್ಯಾಕ್ಸ್ ಇರುವುದು ಬಣವಿ ಹಿಂದೆ ಎಂದು ನಾನೂ ಪೆನ್ನು ಹಿಡಿದು ಹೊರಟೆ.

"ನೀವೆಲ್ಲಿ ಹೊಂಟ್ರಿ ಬರಿಯೂ ಸಾಹೇಬ್ರ? ಒಲಿ ಮ್ಯಾಲ ನೀರ ಇಡ್ರಿ. ಕಥಿ ಆಮ್ಯಾಲ."

ಇಟ್ಟೆ. (ಈ ಕಥೆಯಲ್ಲಿ ನಾನು ಮಾಡಿದ ಉಪಯೋಗದ ಕೆಲಸ ಇದೊಂದೇ.) ಹೀಗಾಗಿ ಅಲ್ಲಿ ಏನಾಯಿತೋ ನಾನು ಕಾಣೆ. ಬೇಕಾದ್ದು ಆರಿಸಿಕೊಳ್ಳಿ.

ಅ) ಅಮರಪ್ಪ ರುಮಾಲು ಬಿಚ್ಚಿ ಡಾಕ್ಟರ ಕಾಲ ಬಳಿ ಇಟ್ಟ.

ಆ) ರಕ್ತ ಮೆತ್ತಿದ ಅಮರಪ್ಪನನ್ನು ಕಂಡು ಡಾಕ್ಟರು ಬಣವಿ ಸುತ್ತ ಓಡಿದರು, ಇವನು ಬೆನ್ನು ಹತ್ತಿದ. ಮೇವು ತುಳಿದು ಹಾಳು ಮಾಡಿದರೆಂದು ಪಾರ್ವತೆಮ್ಮ ಕಸಬರಿಗೆ ಹಿಡಿದು ಇಬ್ಬರನ್ನೂ ಇತ್ತ ಅಟ್ಟಿದಳು. (ನನಗೆ ಇದೇ ಇಷ್ಟ.)

ಇ) ಅಮರಪ್ಪ ರಕ್ತ ಮೆತ್ತಿದ ಕೈ ತೋರಿಸಿದ, ಡಾಕ್ಟರು ಎದ್ದು ಬಂದರು.

ಆಮೇಲೆ ಕೇಳಿದರೂ ಇಬ್ಬರೂ ಬಾಯಿ ಬಿಡಲಿಲ್ಲ. ಇತ್ತ ದವಾಖಾನೆಯಲ್ಲಿ ತಾಜಬೀಯ ಕೈಗಳು ಮರಗಟ್ಟುತ್ತಿದ್ದವು, ಪಂಪಾವತಿಯ ತುಟಿ ಬಿಳಿಚಿತ್ತು. ಬೀಗ ಜಡಿದು ಹೋಗುವ ಡಾಕ್ಟರ ಮಾತೇ ಖರೆಯಾಯಿತು, ಅದೂ ನನ್ನ ಬಂದೋಬಸ್ತಿನಿಂದಲೇ, ಅಂದುಕೊಳ್ಳುತ್ತಿದ್ದಳು. ಅಷ್ಟರಲ್ಲಿ ಹಿತ್ತಿಲಿಂದ ಏದುಸಿರಿನ ದನಿ ಕೇಳಿತು.

"ಎಡಗೈಯೋ ಬಲಗೈಯೋ? ರಕ್ತ ಚಿಮ್ಮತಿತ್ತೋ, ಹರೀತಿತ್ತೋ? ಬಾಯಿ ಬಿಟ್ಟ ಹೇಳೋ ಮಾರಾಯಾ!"

ಅದು ಅಂಜಿದವರ ದನಿಯಲ್ಲ, ಡಾಕ್ಟರ ದನಿ. ತಾಜಬೀ "ಯಾ ಅಲ್ಲಾ" ಎಂದು ಉಸಿರು ಬಿಟ್ಟಳು. ನಾನೂ ಬಿಟ್ಟೆ.

೫

ಒಂಬತ್ತು ಹೊಲಿಗೆ. ಕತ್ತರಿ ಟ್ರಂಕಿನಲ್ಲಿದ್ದದ್ದಕ್ಕೆ ಡಾಕ್ಟರು ತಾಜಬೀಯನ್ನು ಬಾಯಿಗೆ ಬಂದಂತೆ ಬೈದರು. ಅವಳು ನಗುತ್ತ ಬೈಸಿಕೊಂಡಳು. ಕಣ್ಣು ಬಿಟ್ಟ ಪಂಪಾವತಿ ಗಂಡನಿಗೆ ಕೇಳಿದ ಮೊದಲ ಮಾತು: "ಎತ್ತಿಗೆ ನೀರ ಕುಡಿಸಿ ಬಂದ್ಯೋ ಇಲ್ಲೋ?" ಅಮರಪ್ಪ ಗೋಡೆಗೆ ಮುಖ ಮಾಡಿ ಹೋ ಎಂದು ಅತ್ತ.

ಡಾಕ್ಟರು ಮೂವತ್ತು ವರ್ಷ ಅಲ್ಲೇ ಉಳಿದರು ಎಂದು ಮುಗಿಸಲೇ? ಮರುವಾರವೇ ಕೊಪ್ಪಳಕ್ಕೆ ಹೋದರು ಎನ್ನಲೇ? ಅವರನ್ನೇ ಕೇಳಿದೆ. "ಇವತ್ತ ಸಂಜೀತನಕಾ ಅದೀನಿ" ಅಂದರು. ಇದರಿಂದ ಕಥೆ ಮುಗಿಯುವುದಿಲ್ಲ ನಿಜ, ಆದರೂ ಮೂಲೆಯ ಬೆಂಚಿನ ಮೇಲೆ ಕೂತು 'ಮುಗಿಯಿತು' ಎಂದು ಬರೆಯತೊಡಗಿದೆ.

"ಏನ ಮುಗೀತು?" ತಾಜಬೀ ಎದುರು ಬಂದು ನಿಂತಳು. "ಹೊರಗ ಆರ ಮಂದಿ ಬಿಸಲಾಗ ಕುಂತಾರ. ಏಳ್ರಿ, ಅದು ರೋಗಿ ಕುಂದ್ರೂ ಬೆಂಚು."

ನಾನು ಎದ್ದೆ.