ಬಿರುಕಿನ ಪಾಠ

ಆ ಹಳೆಯ ಬಂಗಲೆಯನ್ನು ನೋಡಲು ಬರುವವರಿಗೆ ಓದುವ ಕೋಣೆಯಲ್ಲಿ ಪುಸ್ತಕದ ಬೀರುಗಳೂ ಒಂದು ಒರಗುಕುರ್ಚಿಯೂ ಕಾಣುತ್ತಿದ್ದವು. ಬೀರುವಿನ ಪಕ್ಕ, ಗೋಡೆಯ ಬುಡದ ಹಲಗೆ ಬಿರುಕು ಬಿಟ್ಟ ಕಡೆ, ಹೆಬ್ಬೆರಳುದ್ದದ ಒಬ್ಬ ಅಜ್ಜ, ಅವನ ಮಗಳು, ಮೊಮ್ಮಗಳು ಸಂಸಾರ ಹೂಡಿದ್ದು ಯಾರಿಗೂ ಗೊತ್ತಿರಲಿಲ್ಲ.

ಬೆಳಗ್ಗೆ ಬಾಗಿಲು ತೆಗೆದು ಧೂಳು ಒರೆಸಲು ಬರುವ ಮುದುಕಿಯನ್ನು ಅವರು ದೊಡ್ಡಮ್ಮ ಎನ್ನುತ್ತಿದ್ದರು. ಸಂಬಂಧದಿಂದಲ್ಲ, ಅಳತೆಯಿಂದ. ಅವಳ ಅಪ್ಪ ಈ ಮನೆಯ ಕಾವಲುಗಾರನಾಗಿದ್ದ. ಏಳು ವರ್ಷದ ಮಗಳನ್ನು ಇದೇ ಗೋಡೆಗೆ ಒರಗಿಸಿ ಕೂರಿಸಿಕೊಂಡು ಒಂದು ಪದ್ಯ ಹೇಳಿಕೊಟ್ಟಿದ್ದ. ಹಲಗೆಯ ಹಿಂದೆ, ಆಗಿನ್ನೂ ಹುಡುಗನಾಗಿದ್ದ ಅಜ್ಜನೂ ಕಿವಿಯಲ್ಲೇ ಅದನ್ನು ಕಲಿತ.

ಹಿರಿದರಲಿ ನೀನಿರುವೆ, ಕಿರಿದರಲಿ ನೀನಿರುವೆ,
ಬರಿದರಲಿ ನೀನಿರುವೆ ತಂದೆ.

ಬರಿದು ಎಂದರೇನೆಂದು ತಿಳಿಯದ ಆ ಮಗು, ಬೆನ್ನಿಗೆ ತಾಗುತ್ತಿದ್ದ ಬಿರುಕನ್ನೇ ಪದ್ಯಕ್ಕೆ ಸೇರಿಸಿ 'ಬಿರುಕಿನಲಿ ನೀನಿರುವೆ' ಎಂದು ಹಾಡಿತು. ಅಪ್ಪ ಒಂದು ದಿನ ನಕ್ಕು ತಿದ್ದಿದ. ಅಜ್ಜನಿಗೆ ಮಾತ್ರ ಮಗು ಮೊದಲು ಹಾಡಿದ್ದೇ ಸರಿ.

"ಚಿಕ್ಕವಳಿದ್ದಾಗ ಚೆನ್ನಾಗಿ ಹೇಳ್ತಿದ್ಲು. ಅವರಪ್ಪ ಕೆಡಿಸಿಬಿಟ್ಟ," ಎಂದು ಅವನು ಅರವತ್ತು ವರ್ಷದಿಂದ ಗೊಣಗುತ್ತಿದ್ದ. "ಬರಿದರಲ್ಲಿ ಯಾರಿದಾರೆ? ಬಿರುಕಲ್ಲಿ ನಾವಿದೀವಿ. ದೇವರೂ ಇಲ್ಲೇ ಇರ್ಬೇಕು."

ನಿನ್ನೆ ಬಡಗಿ ಬಂದು ಬಿರುಕಿನ ಸುತ್ತ ಪೆನ್ಸಿಲ್ಲಿನಿಂದ ಗೀಟು ಹಾಕಿ, ಮರುದಿನ ಮರದ ಪಟ್ಟಿ ಹೊಡೆದು ಮುಚ್ಚುವುದಾಗಿ ಹೇಳಿಹೋಗಿದ್ದ. ಅಟ್ಟಕ್ಕೆ ಹೋಗಿಬಿಡೋಣವೆಂದು ಅಜ್ಜನ ಮಗಳು ತಟ್ಟೆಗಳನ್ನು, ಅಂದರೆ ನಾಲ್ಕು ಅಂಗಿಗುಂಡಿಗಳನ್ನು, ಗಂಟು ಕಟ್ಟಿದಳು.

"ಅಟ್ಟಕ್ಕೆ ಪದ್ಯ ಕೇಳಿಸುತ್ತಾ?" ಎಂದ ಅಜ್ಜ.

"ಮೊದಲು ಜೀವ ಉಳೀಲಿ ಅಪ್ಪಾ."

"ಪದ್ಯ ಇಲ್ದೆ ಜೀವ ಇಟ್ಕೊಂಡು ಉಪ್ಪಿನಕಾಯಿ ಹಾಕ್ಲಾ? ಇದೊಂದು ಸಲ ಕೇಳ್ಕೊಂಡು ಹೊರಡ್ತೀನಿ."

ದೊಡ್ಡಮ್ಮ ಬಂದಳು. ಕುರ್ಚಿ ಒರೆಸುತ್ತ ಹಿರಿದು, ಕಿರಿದು ಎರಡನ್ನೂ ಹಾಡಿದಳು. ಅಷ್ಟರಲ್ಲಿ ಬಡಗಿ ಬಂದು ಸಾಮಾನಿನ ಚೀಲವನ್ನು ಧೊಪ್ಪನೆ ಇಳಿಸಿದ.

"ಅಮ್ಮಾ, ಸ್ವಲ್ಪ ಆ ಕಡೆ ಹೋಗಿ."

"ಹೋಗ್ತೀನಪ್ಪಾ. ಅಯ್ಯೋ, ಮುಂದೇನು? ನಾಲಿಗೆ ತುದೀಲೇ ಇದೆ..."

ಮಗಳು ಅಜ್ಜನ ತೋಳು ಹಿಡಿದೆಳೆದಳು. ಅಜ್ಜ ಕದಲಲಿಲ್ಲ. ಅರ್ಧಕ್ಕೆ ನಿಂತ ಪದ್ಯ ಅವನಿಗೆ ಗಂಟಲಲ್ಲಿ ಸಿಕ್ಕಿಕೊಂಡ ತುತ್ತಿನ ಹಾಗೆ. ಎಷ್ಟು ಹೊತ್ತು ತಡೆದಾನು? ಬಿರುಕಿನೊಳಗಿಂದ ಸಣ್ಣದೊಂದು ದನಿ, ಶ್ರುತಿ ತಪ್ಪದೆ, ಹೊರಬಿತ್ತು.

"ಬಿರುಕಿನಲಿ ನೀನಿರುವೆ ತಂದೆ."

ಮಗಳು ಅವನ ಬಾಯಿ ಮುಚ್ಚಿದಳು.

"ಮಾತಾಡ್ಬಾರ್ದು ಅಂತ ನೀನೇ ಹೇಳ್ತಿದ್ದೆ ತಾತಾ!" ಎಂದಳು ಮೊಮ್ಮಗಳು ಪಿಸುದನಿಯಲ್ಲಿ.

"ಮಾತೆಲ್ಲಾಡ್ದೆ? ಪದ್ಯ ಹೇಳ್ದೆ."

ಹೊರಗೆ ಸುತ್ತಿಗೆ ಹಿಡಿದ ಬಡಗಿ ಬಗ್ಗಿ ನೋಡಿದ. "ಕೀಚ್ ಅಂತು ನೋಡಿ. ಇಲಿ."

ದೊಡ್ಡಮ್ಮನಿಗೆ ಕೇಳಿಸಿದ್ದು ಕೀಚ್ ಎಂದಲ್ಲ. ಅವಳು ಮೆಲ್ಲಗೆ ನೆಲದ ಮೇಲೆ ಕುಳಿತಳು. ಆ ತಪ್ಪು ಅವಳಿಗೂ ಅಪ್ಪನಿಗೂ ಬಿಟ್ಟರೆ ಇನ್ನೊಬ್ಬರಿಗೆ ಗೊತ್ತಿರಲಿಲ್ಲ. ಅಪ್ಪ ಹೋಗಿ ಎಷ್ಟೋ ಕಾಲವಾಗಿತ್ತು. ಅಂದು ಇಲ್ಲಿ ಕೂತು ಕಲಿತವಳು ತಾನೊಬ್ಬಳೇ ಅಲ್ಲ ಹಾಗಾದರೆ.

"ಇದನ್ನ ಮುಚ್ಬೇಡಿ," ಎಂದಳು.

"ಸಾಹೇಬ್ರು ಕೇಳಿದ್ರೆ?"

"ಹಳೇದನ್ನ ಇದ್ದ ಹಾಗೇ ಉಳಿಸ್ಬೇಕು ಅಂತ ಬಾಗಿಲಲ್ಲಿ ಬೋರ್ಡ್ ಹಾಕಿರೋದು ಅವರೇ. ಬಿರುಕೂ ಹಳೇದೇ ಅಲ್ವೇನಪ್ಪಾ?"

ಬಡಗಿ ತಲೆ ಕೆರೆದುಕೊಂಡು ಕಿಟಕಿಯ ಕೆಲಸಕ್ಕೆ ಹೋದ. ಅವಳು ಒಳಗೆ ಇಣುಕಲಿಲ್ಲ. ಏಳು ವರ್ಷದವಳ ಹಾಗೆ ಗೋಡೆಗೆ ಬೆನ್ನು ಕೊಟ್ಟು, ಪದ್ಯವನ್ನು ಮೊದಲಿನಿಂದ ಎತ್ತಿಕೊಂಡಳು. ಮೂರನೆಯ ಕಡೆ ತುಸು ತಡೆದು, 'ಬಿರುಕಿನಲಿ' ಎಂದಳು.

"ಅಂತೂ ತಿದ್ಕೊಂಡ್ಲು," ಎಂದ ಅಜ್ಜ, ಕಣ್ಣೊರೆಸಿಕೊಳ್ಳುತ್ತ.

ಮಗಳು ಗಂಟು ಬಿಚ್ಚತೊಡಗಿದಳು.