ಸರಪಳಿಯಲ್ಲಿ ಸರದಿ ಬರುವುದಿಲ್ಲ

ಹೊಸ ಫೋನು ಬಂದಮೇಲೆ ಮಾಂಕಾಳ ಮನೆಯಲ್ಲಿ ಮಗಳ ದನಿ ಕೇಳುವುದೇ ನಿಂತುಹೋಗಿತ್ತು.

ಅದು ಇಂಟರ್ನೆಟ್ಟಿನ ಮೇಲೆ ನಡೆಯುವ ಫೋನು. ಮಗಳು ಸ್ವಿರಿ ಗಡಿಯಾಚೆ ಗಬಾನ್ ದೇಶದಲ್ಲಿ ಗಂಡನ ಜೊತೆ ಇದ್ದಳು, ತುಂಬು ಬಸುರಿ. ‘ಎಷ್ಟು ಹೊತ್ತು ಮಾತಾಡಿದರೂ ಪುಕ್ಕಟೆ’ ಎಂದು ತನ್ನ ಗಂಡನ ಅಣ್ಣನ ಮಗ ಕ್ಲೋವಿಸ್ ಹೇಳಿದ್ದನ್ನು ನಂಬಿ, ಮಾಂಕಾ ಹಳೆಯ ಫೋನನ್ನು ಮಾರಿ ಅವನ ಕೈಯಿಂದ ಇದನ್ನು ಕೊಂಡಿದ್ದಳು. ಈಗ ‘ಹಲೋ’ ಎನ್ನುವಷ್ಟರಲ್ಲಿ ಆ ಕಡೆಯ ದನಿ ಕೊಡದ ನೀರಲ್ಲಿ ಮುಳುಗಿದ ಹಾಗೆ ಗುಳುಗುಳು ಎಂದು ಕಳೆದುಹೋಗುತ್ತಿತ್ತು. ಕಂಪನಿಗೆ ದೂರು ಹೇಳಲು ಕರೆದರೆ ಹಾಡು ಬರುತ್ತಿತ್ತೇ ಹೊರತು ಮನುಷ್ಯರು ಬರುತ್ತಿರಲಿಲ್ಲ.

“ಕಂಪನೀಲಿ ನಿಮ್ಮ ದರ್ಜೆ ಕಮ್ಮಿ ಚಿಕ್ಕಮ್ಮ, ಅದಕ್ಕೇ ಹೀಗೆ,” ಎಂದ ಕ್ಲೋವಿಸ್, ಟೈ ಸರಿಮಾಡಿಕೊಳ್ಳುತ್ತ. “ನಿಮ್ಮ ಕೆಳಗೆ ಮೂರು ಜನರನ್ನ ಈ ಫೋನಿಗೆ ಸೇರಿಸಿ. ಲೈನೂ ಸರಿಹೋಗುತ್ತೆ, ಕೂತಲ್ಲಿಗೆ ದುಡ್ಡೂ ಬರುತ್ತೆ.”

“ಮೂರು ಜನ ಸೇರಿ ಗುಡ್ಡದ ಮೇಲೆ ನಿಂತು ಕೂಗಿದ್ರೆ ಫೋನೇ ಬೇಡ, ಗಬಾನಿಗೇ ಕೇಳುತ್ತೆ,” ಎಂದ ಗಂಡ ಅಂಬೆ, ಕಾಫಿ ಬೀಜ ಹರವುತ್ತ.

“ನಗಬೇಡಿ. ಮನೆ ಹುಡುಗ ಮೋಸ ಮಾಡ್ತಾನಾ?” ಎಂದಳು ಮಾಂಕಾ. “ನಮ್ಮ ನ್ಜಾಂಗಿನೂ ಹೀಗೇ ತಾನೇ? ಮೊದಲು ಹಾಕೋದು, ಆಮೇಲೆ ಉಣ್ಣೋದು.”

ನ್ಜಾಂಗಿ ಎಂದರೆ ಊರ ಹೆಂಗಸರ ಚೀಟಿ. ಪ್ರತಿ ಭಾನುವಾರ ಎಲ್ಲರೂ ಹಾಕಿದ ಹಣವನ್ನು ಸರದಿಯಂತೆ ಒಬ್ಬಳು ಉಣ್ಣುತ್ತಾಳೆ, ಅಂದರೆ ಎತ್ತಿಕೊಳ್ಳುತ್ತಾಳೆ. ಈ ಭಾನುವಾರ ಉಣ್ಣುವ ಸರದಿ ಮಾಂಕಾಳದು. ಆ ಹಣದಲ್ಲಿ ಅವಳು ಬಸ್ಸು ಹತ್ತಿ ಗಡಿ ದಾಟಬೇಕಿತ್ತು. ಬಾಣಂತಿ ಮಗಳ ಹೊಟ್ಟೆಗೆ ಬಿಸಿನೀರು ಹೊಯ್ದು ನೀವುವುದು, ಕೂಸಿಗೆ ಎಣ್ಣೆ ಹಚ್ಚುವುದು ತಾಯಿಯ ಕೆಲಸ; ಅತ್ತೆಯೂ ಅದನ್ನು ಕಸಿಯುವಂತಿಲ್ಲ. ಆದರೆ ಕ್ಲೋವಿಸ್ ಬೇರೆ ದಾರಿ ಹೇಳಿದ್ದ: “ಆ ಹಣ ಫೋನು ಕಂಪನಿಯ ಚಿನ್ನದ ದರ್ಜೆಗೆ ಹಾಕಿ. ಹೆರಿಗೆ ಹೊತ್ತಿಗೆ ಎರಡರಷ್ಟಾಗಿರುತ್ತೆ, ವಿಮಾನದಲ್ಲೇ ಹೋಗಿ.”

ಮಾಂಕಾ ಒಪ್ಪಿದ್ದಳು. ನ್ಜಾಂಗಿಯ ಹೆಂಗಸರನ್ನೂ ಸೇರಿಸುವುದಾಗಿ ಮಾತು ಕೊಟ್ಟಿದ್ದಳು.

ಭಾನುವಾರ ಹೆಂಗಸರು ಅವಳ ಅಂಗಳದಲ್ಲಿ ವೃತ್ತವಾಗಿ ಕೂತರು. ಕುಟ್ಟಿದ ಕೆಸುವಿನ ಗಡ್ಡೆ, ಹಳದಿ ಸಾರು ಉಂಡು ಕೈ ತೊಳೆದದ್ದಾಯಿತು. ಕ್ಲೋವಿಸ್ ನಡುವೆ ನಿಂತು ಮಾತು ಶುರುಮಾಡಿದ. ಮಾತೇನೋ ಚೆನ್ನಾಗಿತ್ತು. ಕೆಲವರು ತಲೆಯಾಡಿಸಿದರು.

ಸಂತೆ ಮೂಲೆಯಲ್ಲಿ ಕೊಡೆ ನೆಟ್ಟು ಫೋನಿಗೆ ಕರೆನ್ಸಿ ಮಾರುವ ಪ್ರುಡೆನ್ಸಿಯಾ ಕೈಯೆತ್ತಿದಳು. ಮಾಂಕಾಳ ಬಾಲ್ಯದ ಗೆಳತಿ.

“ತಮ್ಮಾ, ನಮ್ಮ ನ್ಜಾಂಗಿಲಿ ಕೊನೆಗೆ ಕೂತಿರೋ ಮಾ ಲುಮ್‌ಗೂ ಸರದಿ ಬರುತ್ತೆ. ನಿನ್ನದ್ರಲ್ಲಿ ಕೊನೆಯವಳು ಯಾವಾಗ ಉಣ್ತಾಳೆ?”

“ಅವರು ಮೂರು ಜನರನ್ನ ಸೇರಿಸಿದಾಗ, ಅಕ್ಕ.”

“ಆ ಮೂವರು?”

“ಅವರೂ ತಲಾ ಮೂವರನ್ನ...”

“ಅಯ್ಯೋ ಮಗನೇ,” ಎಂದಳು ಮುದುಕಿ ಮಾ ಲುಮ್, “ನನ್ನ ಹತ್ರ ಬರೋ ಹೊತ್ತಿಗೆ ಊರಲ್ಲಿ ಮೇಕೆಗಳೇ ಉಳಿದಿರ್ತಾವೆ. ಅವಕ್ಕೂ ಫೋನು ಕೊಡ್ಸಲಾ?”

ಅಂಗಳವೆಲ್ಲ ನಕ್ಕಿತು. ಪ್ರುಡೆನ್ಸಿಯಾ ನಗಲಿಲ್ಲ.

“ನಾಳೆಯಿಂದ ಹೊಸಬರು ಒಬ್ಬರೂ ಬರದಿದ್ರೂ ನಮ್ಮ ನ್ಜಾಂಗಿ ನಡೆಯುತ್ತೆ. ನಿನ್ನದು?”

“ಅದು... ನನ್ನನ್ನ ಸೇರಿಸಿದ ಮೇಲಿನವನಿಗೆ ಗೊತ್ತು, ಅಕ್ಕ.”

“ನಿನ್ನ ಮೇಲಿನವನನ್ನೇ ಕೇಳು. ಈಗಲೇ ಫೋನ್ ಮಾಡು.”

“ಅವನು... ಎತ್ತುತ್ತಿಲ್ಲ ಅಕ್ಕ. ತುಂಬ ದಿನ ಆಯ್ತು.” ಟೈ ಕಟ್ಟಿದ ಕತ್ತು ಕೆಳಗಾಯಿತು. “ನಾನೂ ಅಪ್ಪನ ಹಂದಿ ಮಾರಿ ಹಾಕಿದ್ದೀನಿ.”

ಮಾಂಕಾಳಿಗೆ ಸಿಟ್ಟೂ ಬಂತು, ಕನಿಕರವೂ ಆಯಿತು. ಆದರೂ ಮನಸ್ಸು ಪೂರ್ತಿ ಒಪ್ಪಲಿಲ್ಲ. “ಈ ಸೇರಿಸೋ ಸರಪಳಿ ಹಾಳಾಗಲಿ, ಫೋನಾದ್ರೂ ಫೋನೇ ಅಲ್ವೇನೇ?” ಎಂದಳು.

“ಹಾಗಾದ್ರೆ ಮಗಳಿಗೆ ಮಾಡು, ನಾವೂ ಕೇಳ್ತೀವಿ.”

ಮಾಂಕಾ ಒಳಗಿಂದ ಫೋನು ತಂದು ಒತ್ತಿದಳು. ಗುಳುಗುಳು. ಮತ್ತೆ ಒತ್ತಿದಳು. ಅದೂ ಇಲ್ಲ.

ಪ್ರುಡೆನ್ಸಿಯಾ ಸೆರಗಿನ ಗಂಟಿನಿಂದ ತನ್ನ ಸವೆದ ಫೋನು ಬಿಚ್ಚಿದಳು. “ನಂಬರು ಹೇಳು.” ಮಾಂಕಾ ಬಾಯಿಪಾಠ ಒಪ್ಪಿಸಿದಳು. ಆ ಕಡೆ ರಿಂಗಾಯಿತು. “ಸ್ವಿರಿ, ನಾನು,” ಎಂದಳು ಮಾಂಕಾ.

“ಅವ್ವಾ?” ದನಿ ಪಕ್ಕದ ಹಿತ್ತಲಿಂದ ಕರೆದಷ್ಟು ಸ್ಪಷ್ಟ. “ಎಲ್ಲಿ ಹೋಗಿದ್ದೆ? ಆ ಹೊಸ ನಂಬರಿಗೆ ಮಾಡಿ ಮಾಡಿ ಸಾಕಾಯ್ತು. ಹೆಣ್ಣು ಹುಟ್ಟಿದಾಳೆ ಅವ್ವಾ. ಬಿಸಿನೀರು ಹೊಯ್ಯೋರು ಯಾರೂ ಇಲ್ಲ, ನೋವು ತಡೆಯಕ್ಕಾಗ್ತಿಲ್ಲ. ಯಾವಾಗ ಬರ್ತೀಯ?”

ಮಾಂಕಾ ತಡವರಿಸಲಿಲ್ಲ. “ನಾಳೆ ಬೆಳಗಿನ ಬಸ್ಸಿಗೇ ಹೊರಡ್ತೀನಿ ಮಗಳೇ.”

ಹೆಂಗಸರು ಒಮ್ಮೆಲೇ ಎದ್ದು ಕೂಸಿನ ಹಾಡು ಎತ್ತಿಕೊಂಡರು. ನ್ಜಾಂಗಿಯ ಹಣದ ಬುಟ್ಟಿ ಕೈಯಿಂದ ಕೈಗೆ ವೃತ್ತ ಸುತ್ತಿ ಬಂದು ಮಾಂಕಾಳ ಮಡಿಲು ಸೇರಿತು. ಅವಳು ಹಣವನ್ನು ಬಟ್ಟೆಯಲ್ಲಿ ಬಿಗಿದು ಸೊಂಟಕ್ಕೆ ಕಟ್ಟಿದಳು. ಅಂಬೆ ಪಾಮ್ ಎಣ್ಣೆಯ ಸೀಸೆ ತುಂಬಿಸಲು ಒಳಗೆ ಓಡಿದ. “ನೋಡಿದ್ಯಾ, ಮೂರು ಜನ ಬೇಕಾಗ್ಲಿಲ್ಲ,” ಎನ್ನುವುದನ್ನು ಮಾತ್ರ ಮರೆಯಲಿಲ್ಲ.

“ಆ ಟೈ ಬಿಚ್ಚಿ ಉಣ್ಣು ಬಾ,” ಎಂದು ಮಾ ಲುಮ್ ಕ್ಲೋವಿಸನನ್ನು ಎಳೆದು ಕೂರಿಸಿದಳು. “ನಾಳೆ ಚಿಕ್ಕಮ್ಮನ ಗಂಟು ಹೊತ್ತು ಬಸ್ಸಿಗೆ ಬಿಡು. ಆಮೇಲೆ ನೀನು ಸೇರಿಸಿದೋರ ಮನೆಮನೆಗೂ ಹೋಗಿ, ಇನ್ನು ಯಾರನ್ನೂ ಸೇರಿಸಬೇಡಿ ಅಂತ ನಿನ್ನ ಬಾಯಲ್ಲೇ ಹೇಳು.”

“ಹೇಳ್ತೀನಿ ಅಜ್ಜಿ,” ಎಂದ ಅವನು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಬಾಗಿಲಿಗೂ ಇಂಥ ಮಾತು ಬರುತ್ತದೆ. ತರುವವರು ಹೆಚ್ಚಾಗಿ ನಮ್ಮವರೇ ಆಗಿರುತ್ತಾರೆ, ಒಳ್ಳೆಯವರೇ ಆಗಿರುತ್ತಾರೆ. ಕೂರಿಸಿ, ನೀರು ಕೊಡಿ, ಹಣ ಮಾತ್ರ ಕೊಡಬೇಡಿ. ಮೊದಲು ಕೇಳಿ: ಲಾಭ ಬರುವುದು ವಸ್ತು ಮಾರಿದ್ದರಿಂದಲೋ, ಜನರನ್ನು ಸೇರಿಸಿದ್ದರಿಂದಲೋ? ಹೊಸಬರು ಬರದಿದ್ದರೆ ಇದು ನಡೆಯುತ್ತದೆಯೋ? ಫೋನಾದರೆ ನಿಮ್ಮ ಮನೆಯೊಳಗೇ ಮಾತಾಡಿಸಿ ತೋರಿಸಲಿ. ಕೆಟ್ಟರೆ ಹೋಗಿ ಕೇಳಲು ಅಂಗಡಿ ಎಲ್ಲಿದೆ ಎಂದು ಹೇಳಲಿ. ಈಗಾಗಲೇ ಸೇರಿದ್ದರೆ ನಾಚಿಕೊಂಡು ಮುಚ್ಚಿಡಬೇಡಿ. ನಿಮ್ಮ ಕೆಳಗೆ ಇನ್ನೊಬ್ಬರನ್ನು ಸೇರಿಸದೆ ನಿಲ್ಲಿಸಿ, ನಿಮ್ಮ ಗುಂಪಿನ ನಡುವೆ ಕೂತು ಗಟ್ಟಿಯಾಗಿ ಹೇಳಿ. ನೀವು ಹೇಳಿದ ದಿನವೇ ಆ ಸರಪಳಿಯ ಒಂದು ಕೊಂಡಿ ಕಳಚುತ್ತದೆ.